ಬಚ್ಚಲುಮನೆಯ ಒನ್ಸ್ ಮೋರ್

ಮಾವನವರು ಸ್ನಾನಕ್ಕೆ ಹೋದ ಕೂಡಲೇ ನಾನು ಮಿಕ್ಸಿ ನಿಲ್ಲಿಸುತ್ತಿದ್ದೆ. ಚಟ್ನಿ ಅರ್ಧಕ್ಕೆ ನಿಂತರೆ ನಿಲ್ಲಲಿ, ರೇಡಿಯೋ ಬಾಯಿ ಮುಚ್ಚಿಕೊಳ್ಳಲಿ, ಮಗಳು ಭೂಮಿಕಾ ತನ್ನ ಪಾಠವನ್ನು ಮನಸ್ಸಿನಲ್ಲೇ ಓದಿಕೊಳ್ಳಲಿ. ಬಚ್ಚಲಿನಿಂದ ಅವರ ಹಾಡು ಕೇಳಿಸುತ್ತಿರಬೇಕು, ಅಷ್ಟೆ. ನನಗೆ ಸಂಗೀತದ ಗಂಧಗಾಳಿ ಇಲ್ಲ. ಹಾಡು ನಡೆಯುತ್ತಿದೆ ಎಂದರೆ ಒಳಗೆ ಉಸಿರು ನಡೆಯುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹಿಂದಿನ ಮಳೆಗಾಲದಲ್ಲಿ ನಮ್ಮ ಮಾವ ಸದಾಶಿವಯ್ಯನವರು ಎದೆನೋವೆಂದು ಆಸ್ಪತ್ರೆ ಸೇರಿ ಮನೆಗೆ ಬಂದಿದ್ದರು. ಕಳಿಸುವಾಗ ಡಾಕ್ಟರು ನನ್ನನ್ನೇ ಪಕ್ಕಕ್ಕೆ ಕರೆದಿದ್ದರು. ಉಪ್ಪು ಕಡಿಮೆ ಹಾಕಿ, ಮೆಟ್ಟಿಲು ಹತ್ತಿಸಬೇಡಿ, ಗಂಟಲು ಹರಿಯುವ ಹಾಗೆ ಹಾಡುವುದು ಬೇಡವೇ ಬೇಡ, ಬಚ್ಚಲಿಗೆ ಹೋದಾಗ ಒಳಗಿನಿಂದ ಚಿಲಕ ಹಾಕಬಾರದು ಎಂದರು. ಮಾವ ಉಪ್ಪಿಗೆ ಒಪ್ಪಿದರು. ಮೆಟ್ಟಿಲು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಹಾಡನ್ನು ಮೆಲ್ಲಗೆ ಹಾಡಿಕೊಳ್ಳುತ್ತೇನೆ ಎಂದು ಸೊಪ್ಪಿನವಳ ಹತ್ತಿರ ಮಾಡುವಂತೆ ಚೌಕಾಸಿ ಮಾಡಿದರು. ಚಿಲಕದ ಮಾತು ಬಂದಾಗ ಮಾತ್ರ ಅವರ ಮುಖ ಗಂಟಾಯಿತು.

"ಸಾವಿರಾರು ಜನದ ಮುಂದೆ ಕಿರೀಟ ಇಟ್ಕಂಡು ನಿಂತೋನು ನಾನು. ಬಾಗ್ಲು ತಕ್ಕಂಡು ಮೈ ತೊಳ್ಕಳಕ್ಕೆ ಆಗಲ್ಲ ಬುಡಮ್ಮ" ಎಂದರು.

ಹೀಗೆ ಚಿಲಕ ಉಳಿಯಿತು. ಹೆದರಿಕೆ ನನ್ನ ಪಾಲಿಗೆ ಬಂತು. ನಾನು ಮೊದಲೇ ಹೆದರುಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿ ಕೊನೆಯಿಂದ ವಾಪಸ್ಸು ಬರುವವಳು. ಗಂಡ ಗುರುಪ್ರಕಾಶ್ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಬೆಳಿಗ್ಗೆ ಬೇಗ ಗಾಡಿ ಹತ್ತಿದರೆ ಬರುವುದು ಸಂಜೆ. ಭೂಮಿಕಾ ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಅವರಿಗೆ ಏನಾದರೂ ಆದರೆ ಯಾವ ಆಟೋ ಕರೆಯಬೇಕು, ಉಪ್ಪಾರಹಳ್ಳಿಯ ರೈಲ್ವೆ ಗೇಟು ಹಾಕಿದ್ದರೆ ಏನು ಮಾಡಬೇಕು ಎಂದು ಸಾರಿಗೆ ಒಗ್ಗರಣೆ ಹಾಕುವಾಗಲೂ ಯೋಚಿಸುತ್ತಿದ್ದೆ. ರೈಲಿನ ಹಾರನ್ನು ಕೇಳಿದರೆ ಸಾಕು, ಈಗ ಮಾತ್ರ ಏನೂ ಆಗದಿರಲಪ್ಪ ಎಂದು ಕೈ ಮುಗಿಯುತ್ತಿದ್ದೆ.

ಮಾವನವರಿಗೆ ಅದೇ ಹಾರನ್ನು ಒಂದು ಶ್ರುತಿಯಾಗಿ ಕೇಳಿಸುತ್ತಿತ್ತು. ಅವರು ಗುಬ್ಬಿಯಲ್ಲಿ ಹುಟ್ಟಿದವರು. ಮೀಸೆ ಚಿಗುರುವ ಮೊದಲೇ ನಾಟಕದ ಕಂಪನಿ ಸೇರಿ, ಊರೂರಿನ ಟೆಂಟುಗಳಲ್ಲಿ ರಾಜಪಾರ್ಟು ಮಾಡಿ, ಕಂಪನಿ ಮುಚ್ಚಿದ ಮೇಲೆ ಗುಬ್ಬಿಯಲ್ಲೇ ದಿನಸಿ ಅಂಗಡಿ ಇಟ್ಟು, ಕೊನೆಗೆ ಮಗನ ಜೊತೆ ತುಮಕೂರಿಗೆ ಬಂದವರು. ಮೈಕಿಲ್ಲದ ಕಾಲದಲ್ಲಿ ನೆಲದ ಕ್ಲಾಸಿನ ಕೊನೆಯವನಿಗೂ ಕೇಳುವಂತೆ ಹಾಡಬೇಕಿತ್ತಂತೆ. ಅವರ ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಮನೆ. ವಯಸ್ಸಾದಂತೆ ಬೇರೆ ನಟರೆಲ್ಲ ಶ್ರುತಿ ಇಳಿಸಿಕೊಂಡರಂತೆ, ಇವರು ಇಳಿಸಲಿಲ್ಲ. ಶ್ರುತಿ ಇಳಿಸಿದ ದಿನ ರಾಜಪಾರ್ಟಿನವನು ಕಿರೀಟವನ್ನೂ ಇಳಿಸಬೇಕು ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಮನೆಯ ಫ್ರಿಡ್ಜು ಬಿಳಿ ಒಂದರಲ್ಲಿ ಗುಂಯ್‌ಗುಡುತ್ತದೆ, ಬೀದಿಯ ಹಿಟ್ಟಿನ ಗಿರಣಿ ಶ್ರುತಿ ಬಿಟ್ಟಿದೆ, ನಿನ್ನ ಮಿಕ್ಸಿಗೆ ಮಾತ್ರ ಯಾವ ದೇವರೂ ದಿಕ್ಕಿಲ್ಲ ಎಂದು ನನ್ನನ್ನು ರೇಗಿಸುತ್ತಿದ್ದರು.

ಮನೆಯ ಎಲ್ಲ ಸಾಮಾನಿಗಿಂತ ಅವರಿಗೆ ಪ್ರೀತಿ ಬಚ್ಚಲಿನ ತಾಮ್ರದ ಹಂಡೆಯ ಮೇಲೆ. ಗುಬ್ಬಿಯ ಮನೆಯಿಂದ ಬಂದದ್ದು. ಅಲ್ಲಿ ಅದರ ಕೆಳಗೆ ಸೌದೆ ಉರಿಯುತ್ತಿತ್ತು. ಬಾಡಿಗೆ ಮನೆಯಲ್ಲಿ ಹೊಗೆ ಮಾಡುವ ಹಾಗಿಲ್ಲವಾದ್ದರಿಂದ ಕರೆಂಟಿನ ಕಾಯಿಲನ್ನು ಅದರೊಳಗೆ ಇಳಿಬಿಡುತ್ತಿದ್ದೆವು. ಹುಡುಗನಾಗಿದ್ದಾಗ ಖಾಲಿ ಹಂಡೆಯೊಳಗೆ ಮುಖವಿಟ್ಟು ಸಾಧನೆ ಮಾಡುತ್ತಿದ್ದರಂತೆ, ದನಿ ತಿರುಗಿ ಬಂದು ತಪ್ಪನ್ನು ತೋರಿಸುತ್ತದಂತೆ. ಈಗಲೂ ಸ್ನಾನಕ್ಕೆ ಮೊದಲು ಉಂಗುರದಿಂದ ಅದರ ಕಂಠಕ್ಕೆ ಒಮ್ಮೆ ತಟ್ಟುತ್ತಿದ್ದರು. ಅದು ಕೊಡುವ ನಾದ ಕಪ್ಪು ಎರಡಂತೆ. ಅದನ್ನು ಹಿಡಿದು ಹಾಡು ಶುರು ಮಾಡುತ್ತಿದ್ದರು. ಮೊದಲು ಹಂಡೆಯ ಟಣ್ ಎನ್ನುವ ಸದ್ದು, ಆಮೇಲೆ ಹಾಡು, ಆಮೇಲೆ ನೀರು. ಈ ಮೂರೂ ಕೇಳಿಸಿದರೆ ನನ್ನ ಬೆಳಗು ಸುಗಮ.

ಒಂದು ಭಾನುವಾರ ಮಧ್ಯಾಹ್ನ ಭೂಮಿಕಾ ಟಿವಿಯ ಚಾನೆಲ್ಲು ತಿರುಗಿಸುತ್ತಿದ್ದಳು. ಯಾವುದೋ ಪರದೇಶದ ಆಪೆರಾ ಬಂತು. ದಪ್ಪನೆಯ ಹೆಂಗಸೊಬ್ಬಳು ಎದೆಗೆ ಚೂರಿ ಹಾಕಿಸಿಕೊಂಡು ಬಿದ್ದುಕೊಂಡೇ ಹಾಡುತ್ತಿದ್ದಳು. ಭೂಮಿಕಾ ಕಿಸಕ್ಕನೆ ನಕ್ಕು, ಚೂರಿ ಹಾಕಿದ ಮೇಲೆ ಇಷ್ಟು ಹೊತ್ತು ಯಾರಾದರೂ ಹಾಡುತ್ತಾರಾ ತಾತ ಎಂದಳು. ಮಾವ ಅವಳ ಕೈಯಿಂದ ರಿಮೋಟು ಕಸಿದುಕೊಂಡು ನೆಟ್ಟಗೆ ಕೂತರು. ಭಾಷೆ ತಿಳಿಯದು, ಕತೆ ತಿಳಿಯದು. ಆದರೂ ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಇವರೂ ನಮ್ಮ ಕಂಪನಿಯವರೇ ಎಂದರು. ಅವಳು ಸತ್ತಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನಿಗೆ ಸಮಾಧಾನವಾಗಲಿಲ್ಲ. ಇಷ್ಟು ಚೆನ್ನಾಗಿ ಸತ್ತವಳಿಗೆ ಒಂದು ಒನ್ಸ್ ಮೋರ್ ಕೂಗುವವರಿಲ್ಲವಲ್ಲ ಎಂದು ಪೇಚಾಡಿಕೊಂಡರು.

ಮೊಮ್ಮಗಳಿಗೆ ಆವತ್ತು ಒನ್ಸ್ ಮೋರಿನ ಪುರಾಣವೆಲ್ಲ ಆಯಿತು. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ನಟ ಇಲ್ಲವೆನ್ನುವಂತಿಲ್ಲ. ಸತ್ತು ಬಿದ್ದ ರಾಜನೂ ಎದ್ದು, ಧೂಳು ಕೊಡವಿಕೊಂಡು, ಅದೇ ಹಾಡನ್ನು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ಅದೂ ಮೊದಲಿನಂತೆಯೇ ಹಾಡಿದರೆ ಕೂಗಿದವರಿಗೆ ಅವಮಾನ, ಎರಡನೇ ಸಲ ದನಿ ಇನ್ನೂ ಮೇಲಕ್ಕೆ ಹೋಗಬೇಕು. ಕೂಗುವುದು ಗಂಡಸರ ಕೆಲಸ, ಹೆಂಗಸರು ಹಗ್ಗದ ಆಚೆ ಸುಮ್ಮನೆ ಕೂತಿರುತ್ತಿದ್ದರು. ಕುಣಿಗಲ್ ಕ್ಯಾಂಪಿನಲ್ಲಿ ಮಾತ್ರ ಒಂದು ಸಲ ಹೆಂಗಸರ ಕಡೆಯಿಂದ ಒನ್ಸ್ ಮೋರ್ ಬಂತಂತೆ. ಇಡೀ ಟೆಂಟು ತಿರುಗಿ ನೋಡಿತಂತೆ. ಮಾರನೆಯ ದಿನ ಆ ಹುಡುಗಿಯ ತಂದೆ ಜಗಳಕ್ಕೆ ಬಂದರೆ ಇವರು ಹುಡುಗಿಯನ್ನೇ ಮದುವೆಗೆ ಕೇಳಿದರಂತೆ. ಅವಳೇ ನನ್ನ ಅತ್ತೆ ಸರ್ವಮಂಗಳಮ್ಮ. ಅವರು ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು.

ಹಂಡೆ ಸೋರತೊಡಗಿದ್ದು ಆ ಬೇಸಿಗೆಯಲ್ಲಿ. ಬಚ್ಚಲಿನ ನೆಲ ಸದಾ ಒದ್ದೆ, ಮೇಲೆ ಕರೆಂಟಿನ ಕಾಯಿಲು. ನನ್ನ ಪೀಕಲಾಟ ಕೇಳಬೇಕೆ. ಗೀಸರ್ ಹಾಕಿಸೋಣ ಎಂದು ಗಂಡನ ಪ್ರಾಣ ತಿಂದು ಹಾಕಿಸಿದೆ. ಬೀದಿಗೆ ಬರುವ ಪಾತ್ರೆಯ ತಿಪ್ಪಯ್ಯ ಹಳೆಯ ತಾಮ್ರ ತೆಗೆದುಕೊಂಡು ಸ್ಟೀಲು ಕೊಡುತ್ತಿದ್ದ. ಆಗ ಇಡೀ ಉಪ್ಪಾರಹಳ್ಳಿಯೇ ತಾಮ್ರ ಹಿತ್ತಾಳೆ ಕೊಟ್ಟು ಸ್ಟೀಲಿಗೆ ಮರುಳಾಗಿತ್ತು. ಮಾವನನ್ನು ಕೇಳಿದೆ. ತೂತು ಬಿದ್ದದ್ದನ್ನು ಇಟ್ಟುಕೊಂಡು ಏನು ಮಾಡುವುದು, ಕೊಡು ಎಂದರು. ಹಂಡೆಯನ್ನು ಗಾಡಿಗೆ ಹಾಕುವಾಗ ಹೊರಗೆ ಬರಲಿಲ್ಲ. ನನಗೆ ಹೊಳೆಯುವ ಡಬ್ಬಗಳು ಬಂದವು.

ಮಾರನೆಯ ಬೆಳಿಗ್ಗೆ ಚಿಲಕದ ಸದ್ದು ಕೇಳಿತು. ಟಣ್ ಎನ್ನಲಿಲ್ಲ. ಹಾಡೂ ಬರಲಿಲ್ಲ. ನಲ್ಲಿ ಸುರಿಯಿತು, ನಿಂತಿತು, ಮತ್ತೆ ಸುರಿಯಿತು. ಮಾವಾ ಎಂದು ಕೂಗಿದೆ. ಹೂಂ ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೂಗಿದೆ. ಮತ್ತೆ ಹೂಂ. ಹಾಡಿ ಎಂದು ಸೊಸೆ ಹೇಳುವುದು ಹೇಗೆ? ಡಾಕ್ಟರು ಬೇಡ ಎಂದದ್ದನ್ನು ಮಾಡಿ ಎಂದ ಹಾಗಾಗುತ್ತದೆ. ಕೆಲವು ದಿನ ಹೀಗೇ ನಡೆದ ಮೇಲೆ ಅವರಿಗೆ ರೇಗಿತು.

"ಸ್ನಾನ ಮಾಡ್ತಿದೀನಿ ಕಣಮ್ಮ, ಸಾಯ್ತಿಲ್ಲ" ಎಂದು ಒಳಗಿನಿಂದಲೇ ಅಂದರು. ಅಲ್ಲಿಂದ ಮುಂದೆ ಹೂಂ ಎನ್ನುವುದನ್ನೂ ಬಿಟ್ಟರು.

ಹಂಡೆ ಸಿಗಬಹುದೇನೋ ಎಂದು ತಿಪ್ಪಯ್ಯನ ಮನೆ ಹುಡುಕಿಕೊಂಡು ಹೋದೆ. ಹಿತ್ತಲಿನಲ್ಲಿ ಯಾರುಯಾರದೋ ಹಂಡೆ, ಕೊಳಗ, ಚೊಂಬುಗಳೆಲ್ಲ ಚಪ್ಪಟೆಯಾಗಿ ಒಂದರ ಮೇಲೊಂದು ಬಿದ್ದಿದ್ದವು. ನಮ್ಮದು ಯಾವುದೆಂದು ಗುರುತು ಸಿಗಲಿಲ್ಲ. ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅವರಿಗೆ ಬೆಳಿಗ್ಗೆ ಶ್ರುತಿ ಕೊಡುವುದು ಈಗ ಯಾವುದೂ ಇರಲಿಲ್ಲ.

ಒಂದು ಬುಧವಾರ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಬಚ್ಚಲಿನಿಂದ ಇದ್ದಕ್ಕಿದ್ದಂತೆ ಹಾಡು ಬಂತು. ರಾಣಿ ಬಿಟ್ಟುಹೋದ ಮೇಲೆ ರಾಜ ಬರಿದಾದ ಅರಮನೆಯಲ್ಲಿ ನಿಂತು ಹಾಡುವ ಹಾಡು. ಕುಣಿಗಲ್ ಕ್ಯಾಂಪಿನಲ್ಲಿ ಅತ್ತೆ ಒನ್ಸ್ ಮೋರ್ ಕೂಗಿದ್ದೂ ಇದಕ್ಕೇ. "ಎಲ್ಲಿ ಹೋದೆಯೆ ಕಾಂತೆ, ದೀಪ ಉರಿಯುತಲಿರಲು" ಎಂದು ಶುರುವಾಗುತ್ತದೆ. ದನಿ ತೆಳ್ಳಗಿತ್ತು, ಶ್ರುತಿಗಾಗಿ ತಡಕಾಡುವ ಹಾಗಿತ್ತು. ನಾನು ಸಟ್ಟುಗ ಹಿಡಿದು ನಿಂತುಬಿಟ್ಟೆ. ಹಾಡು ಮೇಲೇರಿತು, ಇನ್ನೂ ಮೇಲೇರಿತು, ತಟ್ಟನೆ ನಿಂತಿತು. ಏನೋ ಬಿದ್ದ ಸದ್ದಾಯಿತು.

ಓಡಿಹೋಗಿ ಬಾಗಿಲು ಬಡಿದೆ. ಮಾವಾ, ಮಾವಾ ಎಂದೆ. ಉತ್ತರವಿಲ್ಲ. ಆಚೆ ರೈಲಿನ ಹಾರನ್ನು ಕೇಳಿತು, ಗೇಟು ಹಾಕಿರುತ್ತಾರೆ ಎಂದು ಇನ್ನೂ ಜೋರಾಗಿ ಬಡಿದೆ. ಪಕ್ಕದ ಮನೆಯ ಭದ್ರಮ್ಮ ನನ್ನ ದನಿ ಕೇಳಿ ಒಳಗೆ ಬಂದು, ಬಾಗಿಲು ಒಡೆಸೋಣವೇ ಎಂದರು. ಮಾವನನ್ನು ಏನು ಕರೆದರೆ ಓಗೊಡುತ್ತಾರೆ ಎಂದು ನಾನು ಯೋಚಿಸಲಿಲ್ಲ. ಯೋಚಿಸುವ ಸ್ಥಿತಿಯೂ ಇರಲಿಲ್ಲ. ಬಾಗಿಲಿಗೆ ಬಾಯಿಟ್ಟು ಗಂಟಲು ಕಿತ್ತುಹೋಗುವಂತೆ ಒನ್ಸ್ ಮೋರ್ ಎಂದು ಕೂಗಿದೆ.

ಭದ್ರಮ್ಮ ನನಗೆ ತಲೆ ಕೆಟ್ಟಿತೆಂದು ನೋಡಿದರು. ಒಳಗೆ ಕೆಮ್ಮು. ಆಮೇಲೆ ಹಾಡು, ಮೊದಲಿನಿಂದ. ನಾನು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗಿಟ್ಟು ಅತ್ತೆ. ರವೆ ಸೀದ ವಾಸನೆ ಮನೆಯೆಲ್ಲ ತುಂಬಿತ್ತು. ಮಾವ ಹೊರಗೆ ಬಂದರು. ಬಿದ್ದದ್ದು ಪ್ಲಾಸ್ಟಿಕ್ ಮಗ್ಗು. ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಸೀದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಗಂಡನಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮಾರನೆಯ ದಿನ ಮಾವ ಹಾಡಿದರು, ಮುಗಿಸಿದರು, ನಲ್ಲಿ ನಿಲ್ಲಿಸಿದರು. ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ಕೂಗಿದೆ. ಹಾಡಿದರು. ಎರಡನೆಯ ಸಲ ದನಿ ಮೇಲಕ್ಕೆ ಹೋಯಿತು. ದಿನವೂ ಇದೇ ಆಯಿತು. ಮೇಲಿನ ಸ್ವರ ಹಿಡಿದು ನಿಲ್ಲಿಸಿದಾಗ ನಡುವೆ ಉಸಿರು ತುಂಡಾಗುವುದು ನನ್ನಂಥವಳಿಗೂ ಕೇಳಿಸುತ್ತಿತ್ತು. ಡಾಕ್ಟರು ಯಾವುದು ಬೇಡವೇ ಬೇಡ ಎಂದಿದ್ದರೋ ಅದನ್ನು ನಾನೇ ದಿನಾ ಬೆಳಿಗ್ಗೆ ಕೂಗಿ ಮಾಡಿಸುತ್ತಿದ್ದೆ.

ಒಂದು ದಿನ ಮನಸ್ಸು ಗಟ್ಟಿ ಮಾಡಿ ಕೂಗಲಿಲ್ಲ. ಹೊರಗೆ ಬಂದವರ ಮುಖ ನೋಡಲಾಗಲಿಲ್ಲ. ತಟ್ಟೆಯಲ್ಲಿ ದೋಸೆ ಹಾಗೇ ಉಳಿಯಿತು. ಸಂಜೆಯವರೆಗೂ ಜಗಲಿಯಲ್ಲಿ ಕೂತು ಗಿರಣಿಯ ಸದ್ದು ಕೇಳುತ್ತಿದ್ದರು. ಫ್ರಿಡ್ಜಿನ ಶ್ರುತಿಯ ಬಗ್ಗೆ ಕೂಡ ಏನೂ ಅನ್ನಲಿಲ್ಲ. ಇದಕ್ಕಿಂತ ಹಾಡುವುದೇ ಮೇಲು ಎನ್ನಿಸಿತು. ಮಾರನೆಯ ದಿನ ಮತ್ತೆ ಕೂಗಿದೆ. ಕೂಗಿದರೆ ಎದೆ ಒಡೆಯುತ್ತದೆ, ಕೂಗದಿದ್ದರೆ ಮನಸ್ಸು ಒಡೆಯುತ್ತದೆ. ನನ್ನ ನಿದ್ದೆ ಕೆಟ್ಟಿತು, ಸಾರಿಗೆ ಉಪ್ಪು ಎರಡೆರಡು ಸಲ ಬೀಳತೊಡಗಿತು.

ಆಷಾಢಕ್ಕೆ ಮೊದಲು ಕುಣಿಗಲ್ಲಿನಲ್ಲಿ ಮದುವೆ ಬಂತು. ನನ್ನ ಅತ್ತೆಯ ತಮ್ಮ ಶಿವಮೂರ್ತಿಯವರ ಮಗಳದು. ಕೆರೆಗೆ ಹತ್ತಿರದ ಒಂದು ಛತ್ರ. ಮುಹೂರ್ತ ಮುಗಿದು ಜನ ಊಟದ ಪಂಕ್ತಿಗಾಗಿ ಕಾಯುತ್ತಿದ್ದರು. ವೇದಿಕೆಯ ಮೇಲೆ ಹಾಡಿನವರ ಗುಂಪಿತ್ತು. ಅದರಲ್ಲಿ ಹಾರ್ಮೋನಿಯಂ ಹಿಡಿದಿದ್ದ ಕದರಯ್ಯ ಎಂಬ ಮುದುಕರು ಮಾವನ ಕಾಲದವರು, ಟೆಂಟುಗಳಲ್ಲಿ ಇವರಿಗೆ ನುಡಿಸಿದವರು. ಗುರುತು ಹಿಡಿದವರೇ ಮೈಕಿನಲ್ಲಿ ಹೆಸರು ಹೇಳಿ ಕರೆದುಬಿಟ್ಟರು. ನಾನು ಎಲೆಯಡಿಕೆ ತಟ್ಟೆ ಕೆಳಗಿಟ್ಟು ಗಂಡನ ಹತ್ತಿರ ಓಡಿದೆ, ತಡೆಯಿರಿ ಎಂದೆ. ಒಂದು ಹಾಡು ತಾನೆ, ಮೈಕಿದೆ, ಮೆಲ್ಲಗೆ ಹಾಡುತ್ತಾರೆ ಬುಡು ಎಂದ. ಅವನಿಗೆ ಬಚ್ಚಲಿನ ಬಾಗಿಲ ಹೊರಗೆ ನಿಂತು ಗೊತ್ತಿಲ್ಲ.

ಮಾವ ಮೆಟ್ಟಿಲು ಹತ್ತಿದರು. ಅದೂ ಡಾಕ್ಟರು ಬೇಡವೆಂದದ್ದೇ. ಮೈಕನ್ನು ಪಕ್ಕಕ್ಕೆ ಸರಿಸಿದರು. ಕಪ್ಪು ಎರಡು ಎಂದರು. ಕದರಯ್ಯನವರು ಒತ್ತಿದಾಗ ಬಂದ ನಾದ ನಮ್ಮ ಹಂಡೆಯದೇ. ಅದನ್ನು ಕೇಳಿ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಹೆಂಗಸರ ಕುರ್ಚಿಗಳ ಸಾಲಿನಿಂದ ನೋಡಿದೆ. ಎಲ್ಲಿ ಹೋದೆಯೆ ಕಾಂತೆ ಎಂದು ಹಿಡಿದರು. ಛತ್ರದ ಗಲಾಟೆ ಕಡಿಮೆಯಾಯಿತು. ಆ ಊರಿನಲ್ಲಿ, ಆ ಹಾಡು. ಶಿವಮೂರ್ತಿಯವರು ಕಣ್ಣೊರೆಸಿಕೊಂಡರು. ನಾನು ಮಾತ್ರ ಹಾಡು ಕೇಳಲಿಲ್ಲ, ಉಸಿರು ಕೇಳುತ್ತಿದ್ದೆ. ಮೇಲಿನ ಸ್ವರಕ್ಕೆ ಹೋದರು, ನಿಂತರು, ಇಳಿದರು. ಮುಗಿಯಿತು.

ಜನ ಚಪ್ಪಾಳೆ ತಟ್ಟಿದರು. ಊಟಕ್ಕೆ ಏಳಿ ಎಂದು ಯಾರೋ ಕೂಗಿದರು, ಕುರ್ಚಿಗಳು ಸದ್ದು ಮಾಡಿದವು. ಮಾವ ವೇದಿಕೆಯಿಂದ ಇಳಿಯಲಿಲ್ಲ. ಕೈ ಬಿಟ್ಟುಕೊಂಡು ಹೆಂಗಸರ ಕಡೆಗೇ ನೋಡುತ್ತಾ ನಿಂತಿದ್ದರು. ಹಣೆಯ ಮೇಲೆ ಬೆವರು, ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಯಾರನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅತ್ತೆ ಇನ್ನು ಬರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದೆ. ಕೂಗಿದರೆ ಮೇಲಕ್ಕೆ ಹೋಗುತ್ತಾರೆ, ಈ ಬೆವರು, ಈ ಸೆಕೆ, ಅತ್ತೆಯ ಊರಿನಲ್ಲೇ ಬಿದ್ದುಬಿಟ್ಟರೆ? ಸುಮ್ಮನಿದ್ದರೆ ಹೀಗೇ ನಿಂತು, ಖಾಲಿ ಕುರ್ಚಿಗಳನ್ನು ನೋಡಿ, ತಾವೇ ಇಳಿದು ಬರಬೇಕು. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಎದ್ದು ನಿಂತು ಒನ್ಸ್ ಮೋರ್ ಎಂದೆ. ದನಿ ನಡುಗಿತು. ಸುತ್ತಲಿನ ಹೆಂಗಸರೆಲ್ಲ ತಿರುಗಿ ನೋಡಿದರು.

ಮಾವ ನಕ್ಕರು. ಕದರಯ್ಯನವರ ಕಡೆ ತಿರುಗಿ, "ಶ್ರುತಿ ಇಳಿಸಪ್ಪ. ಬಿಳಿ ಒಂದಕ್ಕೆ ಬಾ" ಎಂದರು.

ಕದರಯ್ಯನವರ ಕೈ ಹಾಗೇ ನಿಂತಿತು. ನಿಜವಾಗಿಯೂ ಇಳಿಸಬೇಕೇ ಎಂದು ಕೇಳಿದರು. ಹೂಂ ಎಂದರು ಮಾವ. ಮೈಕನ್ನು ಹತ್ತಿರ ಎಳೆದುಕೊಂಡರು. ನಮ್ಮ ಫ್ರಿಡ್ಜು ಗುಂಯ್‌ಗುಡುವ ಶ್ರುತಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಮಾತಾಡುವಷ್ಟೇ ದನಿಯಲ್ಲಿ ಅದೇ ಹಾಡನ್ನು ಹಾಡಿದರು. ಎಲ್ಲೂ ಮೇಲಕ್ಕೆ ಹೋಗಲಿಲ್ಲ. ಮೇಲಿನ ಸ್ವರ ಬರುವ ಜಾಗದಲ್ಲಿ ಹಾಗೇ ಕೆಳಗೆ ತಿರುಗಿಕೊಂಡರು. ಹಾಡು ಪೂರಾ ಉಸಿರು ತುಂಡಾಗದೆ ನೆಮ್ಮದಿಯಾಗಿ ನಡೆಯಿತು. ಮೊದಲ ಸಲ ನಾನು ಆ ಹಾಡಿನ ಮಾತುಗಳನ್ನು ಕೇಳಿಸಿಕೊಂಡೆ.

ಬಸ್ಸಿನಲ್ಲಿ ಬರುವಾಗ ಭೂಮಿಕಾ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮಾವ ನನ್ನ ಪಕ್ಕ ಕಿಟಕಿಗೆ ಕೂತಿದ್ದರು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮತ್ತೆ ಕೂಗಿದ್ದು ಆಸೆಗೆ. ನೀನು ಕೂಗೋದು ಹೆದ್ರಿಕೆಗೆ. ಜನದ ದನಿ ಕೇಳ್ಕಂಡೇ ಬದುಕ್ದೋನು ಕಣಮ್ಮ ನಾನು, ಮೊದಲ್ನೇ ದಿನವೇ ಗೊತ್ತಾಯ್ತು."

"ಗೊತ್ತಿದ್ದೂ ದಿನಾ ಯಾಕೆ ಮೇಲಕ್ಕೆ ಹೋಗ್ತಿದ್ರಿ ಮಾವ?" ಎಂದೆ.

"ಗಟ್ಟಿಯಾಗವ್ನೆ ಅಂತ ನಿಂಗೆ ಧೈರ್ಯ ಬರ್ಲಿ ಅಂತ" ಎಂದರು. ಕಿಟಕಿಯ ಆಚೆ ನೋಡಿದರು.

ನನಗೆ ಅಳು ತಡೆಯಲಾಗಲಿಲ್ಲ. ನನ್ನ ಹೆದರಿಕೆ ಕಳೆಯಲೆಂದು ಅವರು ಎದೆ ಹರಿದುಕೊಳ್ಳುತ್ತಿದ್ದರು, ಅವರ ಎದೆಗೆ ಹೆದರಿ ನಾನು ಕೂಗುತ್ತಿದ್ದೆ. ಒಂದು ಬಾಗಿಲ ಆಚೆ ಈಚೆ ನಿಂತು ಇಬ್ಬರೂ ಇದನ್ನೇ ಮಾಡಿದ್ದೆವು. ನಾನು ಅಳುವುದನ್ನು ಅವರು ನೋಡಿಯೂ ನೋಡದಂತೆ ಕೂತಿದ್ದರು. ತುಮಕೂರು ಬಂದಾಗ ನನ್ನ ಬ್ಯಾಗನ್ನು ತಾವೇ ಎತ್ತಿಕೊಳ್ಳಲು ಹೋಗಿ ಬೈಸಿಕೊಂಡರು.

ಮಾರನೆಯ ಬೆಳಿಗ್ಗೆ ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ನಾನು ಅಭ್ಯಾಸದಂತೆ ಮಿಕ್ಸಿ ನಿಲ್ಲಿಸಿದೆ. ನೀರಿನ ಸದ್ದು ಬಂತು, ಹಾಡು ಬರಲಿಲ್ಲ. ನಡುಮನೆ ದಾಟಿ ಹತ್ತಿರ ಹೋದ ಮೇಲೆ ಕೇಳಿಸಿತು. ಹಾಡುತ್ತಿದ್ದರು, ಅಡುಗೆಮನೆಗೆ ಮುಟ್ಟದಷ್ಟು ಮೆಲ್ಲಗೆ, ಇಳಿಸಿದ ಶ್ರುತಿಯಲ್ಲೇ. ಇನ್ನು ದಿನಾ ಇಷ್ಟು ಹತ್ತಿರ ಬಂದು ನಿಂತರಷ್ಟೇ ನನಗೆ ಕೇಳಿಸುವುದು ಎಂದುಕೊಂಡೆ. ಬಾಗಿಲಿಗೆ ಒರಗಿಕೊಳ್ಳಲು ಕೈಯಿಟ್ಟೆ. ಅದು ಬೆರಳಿನಷ್ಟು ಹಿಂದೆ ಸರಿಯಿತು. ಮಾವ ಚಿಲಕ ಹಾಕಿರಲಿಲ್ಲ.